ಕೆಟಿ ಕೊಡದೆ ಬಿಟ್ಟುಹೋದ ನಾಯಿಗಳು: ಮಾನೇಸರ್‌ನಿಂದ ಒಂದು ಮಾತು

[ವಿಡಿಯೊದಲ್ಲಿರುವ ಮಾತಿನ ಬರಹರೂಪ ಇದು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ವಾಕ್ಯಗಳನ್ನ ಸರಿಪಡಿಸಿದ್ದೇವೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗ ಇದೆ.]

ಶನಿವಾರ ಸಂಜೆ ದ್ವಾರಕಾ, ನೋಯ್ಡಾ, ಫರೀದಾಬಾದ್‌ನಿಂದೆಲ್ಲ ಈ ಟ್ರಾಫಿಕ್ ದಾಟಿಕೊಂಡು ಬಂದಿದ್ದೀರಿ. ಬೆಂಗಳೂರು, ಪುಣೆ, ಹೈದರಾಬಾದ್‌ನಿಂದ ಆನ್‌ಲೈನ್‌ನಲ್ಲಿ ಸೇರಿಕೊಂಡವರೂ ಇದ್ದೀರಿ. ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ವಾರದ ಐದು ದಿನ ಗುರುಗ್ರಾಮದ ಆಫೀಸು. ಶನಿವಾರ, ಭಾನುವಾರ ಮಾನೇಸರ್ ಹತ್ತಿರದ ಒಂದು ಸಣ್ಣ ಆಶ್ರಯಧಾಮದಲ್ಲಿ ನಾಯಿಗಳಿಗೆ ಔಷಧಿ ಕೊಡೋದು, ಗಾಯ ತೊಳೆಯೋದು, ಫೈಲ್ ಬರೆಯೋದು. ನಾನು ಡಾಕ್ಟರ್ ಅಲ್ಲ. ಹಾಗಾಗಿ ಇವತ್ತು ನಾನು ಹೇಳೋದನ್ನ ಚಿಕಿತ್ಸೆ ಅಂತ ತಗೋಬೇಡಿ. ಡಾಕ್ಟರ್ ಹತ್ತಿರ ಯಾವಾಗ ಓಡಬೇಕು ಅನ್ನೋದಕ್ಕೆ ಮಾತ್ರ ಇಟ್ಕೊಳ್ಳಿ.

ಬೆಂಗಳೂರಿನಿಂದ ಕೇಳ್ತಿರೋರಿಗೆ ಮಾನೇಸರ್ ಅಂದ್ರೆ ಏನು ಅಂತ ಎರಡು ಮಾತು. ಗುರುಗ್ರಾಮದಿಂದ ಜೈಪುರದ ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟರೆ ಖೇರ್ಕಿ ದೌಲಾ ಆದಮೇಲೆ ಸಿಗುತ್ತೆ. ಮಾರುತಿ ಸುಜುಕಿ ಫ್ಯಾಕ್ಟರಿ, ಹೋಂಡಾ ಸ್ಕೂಟರ್ ಫ್ಯಾಕ್ಟರಿ, ಎನ್‌ಎಸ್‌ಜಿ ಕಮಾಂಡೋಗಳ ಕ್ಯಾಂಪು, ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ, ಎಲ್ಲ ಅಲ್ಲೇ. ಸುತ್ತ ಕಾಸನ್, ನಾಹರ್‌ಪುರ, ನೌರಂಗ್‌ಪುರದಂಥ ಹಳ್ಳಿಗಳು, ಹಿಂದೆ ಅರಾವಳಿ ಗುಡ್ಡ. 2020ರ ಕೊನೆಯಲ್ಲಿ ಅದಕ್ಕೇ ಒಂದು ಪ್ರತ್ಯೇಕ ನಗರಪಾಲಿಕೆನೂ ಆಯ್ತು. ನಮ್ಮ ಪೀಣ್ಯ ಮತ್ತು ಬಿಡದಿಯನ್ನ ಸೇರಿಸಿ ಗುಡ್ಡದ ಬುಡದಲ್ಲಿ ಇಟ್ಟ ಹಾಗೆ ಅಂದ್ಕೊಳ್ಳಿ.

ಒಂದು ನಾಯಿಯನ್ನ ಸದ್ದಿಲ್ಲದೆ ಬಿಟ್ಟುಹೋಗಬೇಕು ಅಂದ್ರೆ ಇಂಥ ಜಾಗನೇ ಬೇಕು. ಹೆದ್ದಾರಿ ಇದೆ, ಕಾರು ನಿಲ್ಲಿಸಿದರೆ ಯಾರೂ ಯಾಕೆ ಅಂತ ಕೇಳಲ್ಲ. ಫ್ಯಾಕ್ಟರಿ ಕ್ಯಾಂಟೀನ್, ಢಾಬಾಗಳಿವೆ, "ಹೇಗೋ ಊಟ ಸಿಗುತ್ತೆ" ಅಂತ ಮನಸ್ಸಿಗೆ ಸಮಾಧಾನ ಹೇಳ್ಕೋಬಹುದು. ಸೊಸೈಟಿಯ ವಾಟ್ಸಾಪ್ ಗ್ರೂಪಿನವರು ಯಾರೂ ಅಲ್ಲಿ ಓಡಾಡಲ್ಲ.

ಬೀದಿನಾಯಿ ಯಾವುದು, ಬಿಟ್ಟುಹೋದ ನಾಯಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಂತ ಎಲ್ಲರೂ ಕೇಳ್ತಾರೆ. ತಳಿ ನೋಡಿ ಹೇಳೋದು ಸುಲಭ, ಆದ್ರೆ ಅದೊಂದೇ ಅಲ್ಲ. ಬೀದಿನಾಯಿಗೆ ರಸ್ತೆ ದಾಟೋದು ಗೊತ್ತು. ಯಾವ ಅಂಗಡಿಯವನು ಬಿಸ್ಕತ್ತು ಕೊಡ್ತಾನೆ, ಯಾರು ಕಲ್ಲು ಎಸೀತಾರೆ ಅಂತ ಗೊತ್ತು. ಅದಕ್ಕೊಂದು ಏರಿಯಾ ಇದೆ, ಜೊತೆಗಾರರು ಇದ್ದಾರೆ. ಬಿಟ್ಟುಹೋದ ನಾಯಿ ಇಳಿಸಿದ ಜಾಗ ಬಿಟ್ಟು ಕದಲಲ್ಲ. ಅದೇ ಬಣ್ಣದ ಕಾರು ಬಂದರೆ ಎದ್ದು ಓಡುತ್ತೆ. ಬಾಗಿಲು ತೆಗೆದ ಯಾವ ಗಾಡಿಯಾದ್ರೂ ಸರಿ, ಹತ್ತೋಕೆ ನೋಡುತ್ತೆ. ಅಲ್ಲಿನ ಬೀದಿನಾಯಿಗಳು ಅದನ್ನ ಒಳಗೆ ಸೇರಿಸಲ್ಲ, ಕಚ್ಚಿ ಓಡಿಸ್ತವೆ. ಮೂರನೇ ದಿನದ ಹೊತ್ತಿಗೆ ಮೈಮೇಲೆ ಗಾಯ ಆಗಿರುತ್ತೆ, ನೊಣ ಕೂತಿರುತ್ತೆ.

ನಮಗೆ ಮೊದಲು ಸುದ್ದಿ ಕೊಡೋರು ಸೆಕ್ಯೂರಿಟಿ ಗಾರ್ಡುಗಳು, ಚಹಾ ಅಂಗಡಿಯವರು. ಹರಿಯಾಣದಲ್ಲಿ ಹಿರಿಯರನ್ನ ತಾವೂ ಅಂತಾರೆ, ನಮ್ಮ ದೊಡ್ಡಪ್ಪ ಅಂದ ಹಾಗೆ. ಹೈವೇ ಪಕ್ಕದ ಒಬ್ಬ ತಾವೂ ನನಗೆ ಫೋನ್ ಮಾಡಿ ಒಂದೇ ಮಾತು ಹೇಳ್ತಾರೆ: "ಬೇಟಾ, ಇನ್ನೊಂದು ಬಂತು." ಅವರ ಅಂಗಡಿಯ ಹಿಂದೆ ಯಾವಾಗ್ಲೂ ಒಂದು ಹಗ್ಗ, ಒಂದು ಬಕೆಟ್ ನೀರು ಸಿದ್ಧ ಇರುತ್ತೆ. ಅವರಿಗೆ ಇದರಿಂದ ಹತ್ತು ಪೈಸೆ ಲಾಭ ಇಲ್ಲ.

ಈಗ ಫೈಲಿಗೆ ಬರೋಣ. ನಮ್ಮಲ್ಲಿಗೆ ಬಂದ ಪ್ರತಿ ನಾಯಿಗೂ ಒಂದು ಫೈಲ್ ತೆಗೀತೀವಿ. ಬಂದ ದಿನ, ತೂಕ, ಜ್ವರ, ವಸಡಿನ ಬಣ್ಣ, ಚರ್ಮ, ಕಿವಿ, ಹಲ್ಲು, ಉಗುರು, ಹೊಟ್ಟೆ. ಇಷ್ಟು ವರ್ಷ ಈ ಫೈಲ್ ಬರೆದು ನನಗೆ ಕಂಡದ್ದು ಇದು: ಹೆಚ್ಚಿನ ನಾಯಿಗಳನ್ನ ಹೈವೇಗೆ ತಂದದ್ದು ಒಂದು ದಿನದ ಕೋಪ ಅಲ್ಲ. ಆರು ತಿಂಗಳಿಂದ, ವರ್ಷದಿಂದ ಮುಂದೂಡಿದ ಒಂದು ಕಾಯಿಲೆ. ಕಾರಿನಿಂದ ಇಳಿಸೋದು ಕೊನೆಯ ಹೆಜ್ಜೆ. ಮೊದಲ ಹೆಜ್ಜೆ, ತಪ್ಪಿದ ಒಂದು ಡಾಕ್ಟರ್ ಭೇಟಿ.

ಉದಾಹರಣೆಗೆ ಉಣ್ಣಿ ತಗೊಳ್ಳಿ. ಟಿಕ್ ಅಂತೀವಲ್ಲ, ಅದು. ನಾಯಿ ಮೈಮೇಲೆ ನಾಲ್ಕು ಉಣ್ಣಿ ಕಂಡರೆ ಕಿತ್ತು ಹಾಕಿ ಸುಮ್ಮನಾಗ್ತೀವಿ. ಆದ್ರೆ ಈ ಕಂದು ಉಣ್ಣಿ ತನ್ನ ಬದುಕಿನ ಹೆಚ್ಚು ಕಾಲ ಇರೋದು ನಾಯಿ ಮೈಮೇಲೆ ಅಲ್ಲ, ಗೋಡೆಯ ಬಿರುಕಿನಲ್ಲಿ, ಸೋಫಾ ಸಂದಿಯಲ್ಲಿ. ಒಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಅದು ಕಚ್ಚಿದಾಗ ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗಬಹುದು, ಬೆಬೀಸಿಯಾ ಅನ್ನೋ ಪರೋಪಜೀವಿನೂ ಹೋಗಬಹುದು. ಮೊದಲು ಜ್ವರ, ಊಟ ಬಿಡೋದು, ಸುಸ್ತು. ಎರಡು ಮೂರು ವಾರದಲ್ಲಿ ಎರ್ಲಿಕಿಯಾ ತಾನಾಗೇ ಕಡಿಮೆ ಆದಂತೆ ಕಾಣುತ್ತೆ. ಮನೆಯವರು "ಸರಿ ಹೋಯ್ತು" ಅಂತಾರೆ. ಅದು ಒಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತು, ಕೊನೆಗೆ ಮೂಳೆಯ ಮಜ್ಜೆಗೆ ಕೈ ಹಾಕುತ್ತೆ. ಪ್ಲೇಟ್‌ಲೆಟ್ ಬಿದ್ದುಹೋಗುತ್ತೆ, ಒಂದು ದಿನ ಮೂಗಿನಿಂದ ರಕ್ತ ಬರುತ್ತೆ.

ಮೊದಲ ಹಂತದಲ್ಲೇ ರಕ್ತ ಪರೀಕ್ಷೆ ಮಾಡಿಸಿದ್ರೆ ಸಾಮಾನ್ಯವಾಗಿ ನಾಲ್ಕು ವಾರದ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲಿ ಮುಗಿಯೋ ಕೆಲಸ. ದುಬಾರಿ ಮಾತ್ರೆ ಅಲ್ಲ. ಕೊನೆಯ ಹಂತದಲ್ಲಿ ರಕ್ತ ಕೊಡಬೇಕು, ದಾನಿ ನಾಯಿ ಹುಡುಕಬೇಕು, ಆದ್ರೂ ಉಳಿಯುತ್ತೆ ಅಂತ ಹೇಳೋಕಾಗಲ್ಲ. ಮೂಗಿನಿಂದ ರಕ್ತ ಸೋರೋ ನಾಯಿಯನ್ನ ನೋಡಿ ಮನೆಯವರು ಹೆದರ್ತಾರೆ, ಮಕ್ಕಳಿಗೆ ಅಂಟುತ್ತೋ ಏನೋ ಅಂತ. ಡಾಕ್ಟರ್ ಹೇಳಿದ ಬಿಲ್ ನೋಡಿ ಇನ್ನೂ ಹೆದರ್ತಾರೆ. ಆಮೇಲೆ ಒಂದು ರಾತ್ರಿ ಮಾನೇಸರ್.

ಇನ್ನೊಂದು, ಬ್ರೀಡರ್‌ಗಳ ಹೆಣ್ಣುನಾಯಿ. ನಾವು ಮಲ್ಲಿ ಅಂತ ಹೆಸರಿಟ್ಟ ಒಂದು ಲ್ಯಾಬ್ರಡಾರ್ ಬಂದಾಗ ಅದರ ಮೊಲೆಗಳು ನೆಲಕ್ಕೆ ತಾಗ್ತಿದ್ವು. ಉಗುರು ಸುರುಳಿ ಸುತ್ತಿ ಪಾದಕ್ಕೆ ಚುಚ್ಚಿತ್ತು, ಅಂದ್ರೆ ಅದು ನಡೆದೇ ಇಲ್ಲ. ಮುಂದಿನ ಹಲ್ಲು ಸವೆದಿದ್ವು, ಪಂಜರದ ಕಂಬಿ ಕಚ್ಚಿ ಕಚ್ಚಿ. ತುಂಬ ನೀರು ಕುಡೀತಿತ್ತು, ವಾಂತಿ ಆಗ್ತಿತ್ತು. ಸ್ಕ್ಯಾನ್ ಮಾಡಿಸಿದ್ರೆ ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ ಅಂತಾರೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದ ಹೆಣ್ಣುನಾಯಿಗಳಿಗೆ ವಯಸ್ಸಾದಂತೆ ಬೆದೆಗೆ ಬಂದ ಕೆಲವು ವಾರಗಳ ನಂತರ ಬರೋ ಕಾಯಿಲೆ. ತಡ ಮಾಡಿದರೆ ಸಾವು. ಗರ್ಭಕೋಶ ತೆಗೆಯೋದೇ ದಾರಿ. ಮಲ್ಲಿಗೆ ಆ ರಾತ್ರಿನೇ ಆಪರೇಷನ್ ಆಯ್ತು, ಉಳೀತು. ಮರಿ ಕೊಡೋ ತನಕ ಇಟ್ಕೊಂಡು, ಕೊಡಲಾರದೆ ಹೋದಾಗ ಬಿಟ್ಟುಹೋಗಿದ್ರು.

ನಾಯಿ ಸಾಕಣೆ ಮತ್ತು ಮಾರಾಟಕ್ಕೆ 2017ರಲ್ಲೇ ಕೇಂದ್ರದ ನಿಯಮ ಬಂದಿದೆ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಎಂಟು ವಾರ ತುಂಬದ ಮರಿ ಮಾರಬಾರದು. ಆದ್ರೆ ನಾವು ಮರಿ ತಗೊಳ್ಳೋವಾಗ ತಾಯಿಯನ್ನ ತೋರಿಸಿ ಅಂತ ಎಷ್ಟು ಜನ ಕೇಳಿದ್ದೀವಿ? 2022ರಲ್ಲಿ '777 ಚಾರ್ಲಿ' ಬಂದಾಗ ಗುರುಗ್ರಾಮದ ಮಲ್ಟಿಪ್ಲೆಕ್ಸಿನಲ್ಲಿ ಕನ್ನಡದವರೆಲ್ಲ ಒಟ್ಟಿಗೆ ಕೂತು ಅತ್ತಿದ್ದೀವಿ. ಅದು ಅಕ್ರಮ ಬ್ರೀಡರ್ ಕೈಯಿಂದ ತಪ್ಪಿಸಿಕೊಂಡ, ಹತ್ತಿರದ ರಕ್ತಸಂಬಂಧದಲ್ಲೇ ಮರಿ ಮಾಡಿಸಿದ್ದರಿಂದ ಕಾಯಿಲೆ ಬಿದ್ದ ನಾಯಿಯ ಕಥೆ. ಜನಕ್ಕೆ ನೆನಪಿರೋದು ಬೈಕ್ ಮೇಲೆ ಹಿಮಾಲಯಕ್ಕೆ ಹೋಗಿದ್ದು. ಎಲ್ಲಿಂದ ತಪ್ಪಿಸಿಕೊಂಡು ಬಂತು ಅನ್ನೋದು ಮರೆತುಹೋಗಿದೆ.

ಮೂರನೇದು ಟಿವಿಟಿ ಅನ್ನೋ ಗಡ್ಡೆ. ಜನನಾಂಗದಿಂದ ರಕ್ತ ಸೋರುತ್ತೆ, ಹೂಕೋಸಿನ ಥರ ಗಡ್ಡೆ ಕಾಣುತ್ತೆ. ನೋಡೋಕೆ ಭಯಂಕರ. ಕ್ಯಾನ್ಸರ್ ಅಂತ ಕೇಳಿದ ಕೂಡಲೇ ಮನೆಯವರು ಕೈಬಿಡ್ತಾರೆ. ಇದು ವಿಚಿತ್ರ ಕ್ಯಾನ್ಸರ್. ವೈರಸ್‌ನಿಂದ ಬರಲ್ಲ, ಕ್ಯಾನ್ಸರ್ ಜೀವಕೋಶವೇ ಒಂದು ನಾಯಿಯಿಂದ ಇನ್ನೊಂದಕ್ಕೆ ಹೋಗಿ ಬೆಳೆಯುತ್ತೆ, ಮುಖ್ಯವಾಗಿ ಕೂಡುವಾಗ. ಆದ್ರೆ ವಾಸಿಯಾಗೋ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಬಹುಪಾಲು ನಾಯಿಗಳು ಪೂರ್ತಿ ಗುಣ ಆಗ್ತವೆ. ಅಂದ್ರೆ ಒಂದೂವರೆ ತಿಂಗಳು ತಾಳ್ಮೆ ಇದ್ದಿದ್ರೆ ಆ ನಾಯಿ ಮನೆಯಲ್ಲೇ ಇರ್ತಿತ್ತು.

ಇನ್ನು ದಿನಾ ನೋಡೋ ಸಣ್ಣ ಸಣ್ಣವು. ಕಾಕರ್ ಸ್ಪೇನಿಯಲ್ ಕಿವಿ ಜೋಲು ಬಿದ್ದಿರುತ್ತೆ, ಒಳಗೆ ಗಾಳಿ ಆಡಲ್ಲ, ಸೋಂಕಾಗಿ ಕೀವು, ನಾತ. ನಾತ ಅಂತ ಬಾಲ್ಕನಿಗೆ, ಬಾಲ್ಕನಿಯಿಂದ ಹೈವೇಗೆ. ಜರ್ಮನ್ ಶೆಫರ್ಡ್‌ಗೆ ಸೊಂಟದ ಕೀಲಿನ ತೊಂದರೆ, ಹಿಂಗಾಲು ಎಳೆಯುತ್ತೆ. ಹಸ್ಕಿಗೆ ಎರಡು ಪದರದ ತುಪ್ಪಳ, ಇಲ್ಲಿ ಮೇ ತಿಂಗಳಲ್ಲಿ 45 ಡಿಗ್ರಿ. ಪಗ್‌ಗೆ ಉಸಿರಾಟವೇ ಕಷ್ಟ. ಇವು ಯಾವುವೂ ಆಕಸ್ಮಿಕ ಅಲ್ಲ, ತಳಿಯ ಜೊತೆಗೇ ಬರೋ ಬಿಲ್‌ಗಳು. ಮರಿ ಮಾರೋವನು ಈ ಪುಟವನ್ನ ತೋರಿಸಲ್ಲ.

ನಮ್ಮ ಫೀಲ್ಡಿನಲ್ಲಿ ಒಂದು ಮಾತಿದೆ, ಟೆಕ್ನಿಕಲ್ ಡೆಟ್. ಇವತ್ತು ಮಾಡಬೇಕಾದ ಕೆಲಸವನ್ನ ಮುಂದಿನ ರಿಲೀಸ್‌ಗೆ ತಳ್ಳಿದ್ರೆ ಅದು ಬಡ್ಡಿ ಸಮೇತ ವಾಪಸ್ ಬರುತ್ತೆ. ನಾಯಿಯ ಮೈಯಲ್ಲೂ ಅದೇ ಲೆಕ್ಕ. ಕೆಲವು ನೂರು ರೂಪಾಯಿಯ ಲಸಿಕೆ ತಪ್ಪಿಸಿದ್ದಕ್ಕೆ ಪಾರ್ವೋ ಬಂದು ದಿನಗಟ್ಟಲೆ ಡ್ರಿಪ್ಪು. ವ್ಯತ್ಯಾಸ ಏನಪ್ಪಾ ಅಂದ್ರೆ, ಅಲ್ಲಿ ಸಾಲ ಮಾಡಿದ ಟೀಮೇ ತೀರಿಸುತ್ತೆ. ಇಲ್ಲಿ ಸಾಲ ಮಾಡಿದ್ದು ನಾವು, ತೀರಿಸೋದು ನಾಯಿ.

ಈಗ ಸ್ವಲ್ಪ ಕಷ್ಟದ ಮಾತು. ಯಾರು ಬಿಟ್ಟುಹೋಗ್ತಾರೆ? ಕ್ರೂರಿಗಳು ಅಂತ ಹೇಳಿಬಿಟ್ರೆ ನಮಗೆ ಆರಾಮ. ನನಗೆ ಬರೋ ಮೆಸೇಜುಗಳನ್ನ ನೋಡಿದ್ರೆ ಅವರೆಲ್ಲ ನಮ್ಮಂಥವರೇ. ಟ್ರಾನ್ಸ್‌ಫರ್ ಆಯ್ತು. ಮಗು ಹುಟ್ಟಿತು. ಮನೆ ಓನರ್ ಬೇಡ ಅಂದ್ರು. ವೀಸಾ ಬಂತು. ವಲಸೆ ಬಂದವರ ಮನೆಯಲ್ಲಿ ಅತ್ತೆ ಇಲ್ಲ, ಅಕ್ಕ ಇಲ್ಲ, ಎರಡು ದಿನ ನಾಯಿ ನೋಡ್ಕೊಳ್ಳೋರು ಇಲ್ಲ. ಊರಲ್ಲಾದ್ರೆ ತೋಟದ ಮನೆಯಲ್ಲಿ ಬಿಟ್ಟು ಬರಬಹುದಿತ್ತು, ಇಲ್ಲಿ ಹದಿನಾಲ್ಕನೇ ಮಹಡಿ. ಆ ಒತ್ತಡ ನನಗೆ ಅರ್ಥ ಆಗುತ್ತೆ.

ನಮ್ಮ ಕನ್ನಡದವರೇ ಒಬ್ಬರು ಒಂದು ಸಲ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದ್ರು. "ಗುರುವಾರ ಫ್ಲೈಟು. ಏಳು ವರ್ಷದ ಬೀಗಲ್. ಪೂರ್ತಿ ಆರೋಗ್ಯವಾಗಿದೆ. ದಯವಿಟ್ಟು ತಗೊಳ್ಳಿ, ಇಲ್ಲಾಂದ್ರೆ ನಮಗೆ ಬೇರೆ ದಾರಿ ಇಲ್ಲ." ತಗೊಂಡ್ವಿ. ಅದು ಮೂರು ದಿನ ಊಟ ಮಾಡಲಿಲ್ಲ. ಮನೆಯವರ ನೆನಪು, ಹೊಂದಿಕೊಳ್ಳುತ್ತೆ ಅಂತ ನಮ್ಮ ಡಾಕ್ಟರ್ ಕೂಡ ಮೊದಲು ಭಾವಿಸಿದ್ರು, ಯಾಕಂದ್ರೆ ಹೊಸ ಜಾಗದಲ್ಲಿ ಹಾಗಾಗೋದು ಸಾಮಾನ್ಯ. ನಾಲ್ಕನೇ ದಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ತುಂಬ ಜಾಸ್ತಿ, ಕಿಡ್ನಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ವಿದೇಶಕ್ಕೆ ಫೋನ್ ಮಾಡಿ ಕೇಳಿದಾಗ ಆಚೆಯಿಂದ ಸ್ವಲ್ಪ ಹೊತ್ತು ಮೌನ. ಆಮೇಲೆ ಹೇಳಿದ್ರು: ಒಂದು ವರ್ಷದಿಂದ ಕಿಡ್ನಿ ತೊಂದರೆ ಗೊತ್ತಿತ್ತು, ಬೇರೆ ಊಟ, ಮಾತ್ರೆ ಎಲ್ಲ ಇತ್ತು. ಹೇಳಿದ್ರೆ ಯಾರೂ ತಗೊಳ್ಳಲ್ಲ ಅಂತ ಹೇಳಲಿಲ್ಲ.

ಆ ನಾಲ್ಕು ದಿನ ಅದಕ್ಕೆ ಸಿಕ್ಕಿದ್ದು ಕಿಡ್ನಿಗೆ ಆಗದ ಊಟ. ಮಾತ್ರೆ ಸಿಗಲಿಲ್ಲ. ಹನ್ನೆರಡು ದಿನ ಡ್ರಿಪ್ ಹಾಕಿದ್ವಿ. ಹದಿಮೂರನೇ ದಿನ ಹೋಯ್ತು.

ನಾವು ಒಂದು ಪ್ರಾಜೆಕ್ಟ್ ಬಿಡೋವಾಗ ನೋಟಿಸ್ ಪೀರಿಯಡ್ ಇರುತ್ತೆ, ಕೆಟಿ ಕೊಡ್ತೀವಿ. ಯಾವ ಜಾಬ್ ರಾತ್ರಿ ಎರಡು ಗಂಟೆಗೆ ಫೇಲ್ ಆಗುತ್ತೆ ಅಂತ ಕೂಡ ಎಕ್ಸೆಲ್‌ನಲ್ಲಿ ಬರೆದಿಟ್ಟು ಬರ್ತೀವಿ. ಏಳು ವರ್ಷ ಕಾಲ ಬುಡದಲ್ಲಿ ಮಲಗಿದ ಜೀವಕ್ಕೆ ಒಂದು ಪುಟ ಕೆಟಿ ಇಲ್ಲ. ನಾಯಿಗೆ ಬಾಯಿಲ್ಲ. ಅದರ ಕಾಯಿಲೆಯ ಚರಿತ್ರೆ ಇರೋದು ನಮ್ಮ ಮೊಬೈಲಿನ ಗ್ಯಾಲರಿಯಲ್ಲಿ, ಡಾಕ್ಟರ್ ಚೀಟಿಯ ಫೋಟೋದಲ್ಲಿ. ಅದನ್ನ ಮುಚ್ಚಿಟ್ರೆ ಮುಂದಿನ ಡಾಕ್ಟರ್ ಕುರುಡಾಗಿ ಶುರು ಮಾಡಬೇಕು. ಹಾಗಾಗಿ ನಾನು ಎಲ್ಲರಿಗೂ ಹೇಳೋದು: ನಾಯಿಯನ್ನ ಕೊಡಲೇಬೇಕಾದ ಪರಿಸ್ಥಿತಿ ಬಂದ್ರೆ ಫೈಲನ್ನೂ ಕೊಡಿ. ಕಾಯಿಲೆ ಇದೆ ಅಂತ ಹೇಳಿದ ನಾಯಿಗೆ ಮನೆ ಸಿಗೋದು ತಡ ಆಗಬಹುದು. ಹೇಳದೆ ಕೊಟ್ಟ ನಾಯಿ ಸಾಯಬಹುದು.

ಕಾನೂನು ಏನು ಹೇಳುತ್ತೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳೋ ಸ್ಥಿತಿಯಲ್ಲಿ ಕಾರಣವಿಲ್ಲದೆ ಪ್ರಾಣಿಯನ್ನ ಬಿಟ್ಟುಹೋಗೋದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಸರಿಯಾಗಿ ಕೇಳಿಸಿಕೊಂಡ್ರಿ, ಐವತ್ತು ರೂಪಾಯಿ. (ನಗು) ಹೆದ್ದಾರಿ ಟೋಲ್‌ಗೆ ಅದಕ್ಕಿಂತ ಜಾಸ್ತಿ ಕೊಡ್ತೀವಿ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ನಿಮಗೆಲ್ಲ ನೆನಪಿರುತ್ತೆ. ಆಗಸ್ಟ್ 11ಕ್ಕೆ ದೆಹಲಿ, ಗುರುಗ್ರಾಮ, ನೋಯ್ಡಾ ಕಡೆಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಕ್ಕೆ ಹಾಕಿ ಅಂತ. ಆಗಸ್ಟ್ 22ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನ ಬದಲಾಯಿಸಿತು: ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮಾಡಿಸಿ ಅದೇ ಏರಿಯಾಗೆ ವಾಪಸ್ ಬಿಡಿ, ರೇಬೀಸ್ ಇರೋ ಅಥವಾ ಆಕ್ರಮಣಕಾರಿ ನಾಯಿಗಳನ್ನ ಬಿಡಬೇಡಿ ಅಂತ. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್‌ಗಳಿಂದ ನಾಯಿಗಳನ್ನ ತೆಗೆಯೋಕೆ ಹೇಳಿತು. ನಾಯಿ ಕಚ್ಚಿ ಮಕ್ಕಳು ಸತ್ತಿದ್ದಾರೆ. ಆ ತಾಯಿತಂದೆಯರ ಭಯವನ್ನ ನಾಯಿಪ್ರೀತಿಯ ಹೆಸರಲ್ಲಿ ತಳ್ಳಿಹಾಕೋಕೆ ನಾನು ತಯಾರಿಲ್ಲ.

ಆದ್ರೆ ಈ ಚರ್ಚೆಯಲ್ಲಿ ಬಿಟ್ಟುಹೋದ ನಾಯಿ ಎಲ್ಲಿ ಬರುತ್ತೆ? "ಹಿಡಿದ ಜಾಗಕ್ಕೇ ವಾಪಸ್ ಬಿಡಿ" ಅನ್ನೋದು 2023ರ ಎಬಿಸಿ ನಿಯಮದ ತಿರುಳು. ಬೀದಿನಾಯಿಗೆ ಅದು ಸರಿ, ಅದಕ್ಕೊಂದು ಜಾಗ ಇದೆ. ಹೈವೇಯಲ್ಲಿ ಇಳಿಸಿಹೋದ ಲ್ಯಾಬ್ರಡಾರ್‌ಗೆ ಯಾವ ಜಾಗ? ಎಬಿಸಿ ಕೇಂದ್ರ ಇರೋದು ಶಸ್ತ್ರಚಿಕಿತ್ಸೆ ಮತ್ತು ಲಸಿಕೆಗೆ. ತಿಂಗಳುಗಟ್ಟಲೆ ಕಿಡ್ನಿ ಕಾಯಿಲೆ ನೋಡ್ಕೊಳ್ಳೋ ಆಸ್ಪತ್ರೆ ಅಲ್ಲ ಅದು. ನಾವು ಬಿಟ್ಟ ಒಂದು ಸಾಕುನಾಯಿ, ಶಸ್ತ್ರಚಿಕಿತ್ಸೆ ಆಗಿಲ್ಲದಿದ್ರೆ, ನಾಳೆಯ ಬೀದಿನಾಯಿಗಳಿಗೆ ತಾಯಿ. ಬೀದಿನಾಯಿ ಸಮಸ್ಯೆ ಅಂತ ಸೊಸೈಟಿ ಗ್ರೂಪಿನಲ್ಲಿ ಬರೆಯೋವಾಗ ಇದನ್ನೂ ಸೇರಿಸಿ ಬರೀಬೇಕು.

ಇನ್ನೊಂದು ಸಂಗತಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನ ನಿಷೇಧಿಸೋಕೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನ ರದ್ದು ಮಾಡಿತು. ರದ್ದಾದ ಸುದ್ದಿ ಎಲ್ಲರಿಗೂ ಮುಟ್ಟಲಿಲ್ಲ, ನಿಷೇಧದ ಸುದ್ದಿ ಮುಟ್ಟಿತು. ಆ ಬೇಸಿಗೆಯಲ್ಲಿ ತಾವೂ ಅಂಗಡಿಯ ಹಿಂದೆ ಬಂದ ಮೂರು ನಾಯಿಗಳಲ್ಲಿ ಎರಡು ರಾಟ್‌ವೀಲರ್.

ನಮ್ಮ ಕನ್ನಡದಲ್ಲಿ ಒಂದು ಶಾಸನ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು. ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ವೀರ ಮಣಲೇರ. ತಕ್ಕೋಲದ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಏನು ಬೇಕು ಅಂತ ಕೇಳಿದಾಗ ಅವನು ಬೇಡಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಮೇಲೆ ನಾಯಿ ಹಂದಿಯ ಕಾಳಗ ಕೆತ್ತಿಸಿ, ಪೂಜೆ ನಡೆಯೋಕೆ ಭೂಮಿ ಬಿಟ್ಟುಕೊಟ್ಟರು. ಸಾವಿರ ವರ್ಷದ ಹಿಂದೆ ನಾಯಿಯ ಹೆಸರನ್ನ ಕಲ್ಲಲ್ಲಿ ಬರೆಸಿದ ಭಾಷೆಯವರು ನಾವು. ಕಲ್ಲು ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ಲಸಿಕೆ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆಸಿ ಅಂತ ಕೇಳ್ತಿದ್ದೀನಿ.

ರಸ್ತೆಯಲ್ಲಿ ಇಂಥ ನಾಯಿ ಕಂಡರೆ ಏನು ಮಾಡಬೇಕು? ಮೊದಲು ನಿಮ್ಮ ಸುರಕ್ಷತೆ. ಓಡಿಸ್ಕೊಂಡು ಹೋಗಬೇಡಿ, ಹೆದ್ದಾರಿಗೆ ನುಗ್ಗುತ್ತೆ. ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂತ್ಕೊಳ್ಳಿ, ನೀರಿಡಿ. ಫೋಟೋ, ಲೊಕೇಶನ್ ತಗೊಳ್ಳಿ. ಬಾಯಲ್ಲಿ ಜೊಲ್ಲು ಸುರೀತಿದ್ರೆ, ತೂರಾಡ್ತಿದ್ರೆ, ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚೋಕೆ ಹೋದ್ರೆ ಮುಟ್ಟಲೇಬೇಡಿ. ಬಳಸಿಬಿಟ್ಟ ನಾಯಿಗೂ ರೇಬೀಸ್ ಲಸಿಕೆ ತಪ್ಪಿರಬಹುದು. ಕಚ್ಚಿದ್ರೆ ಅಥವಾ ಪರಚಿದ್ರೆ ಹರಿಯೋ ನೀರು, ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಡೋಸ್ ಪೂರ್ತಿ ಮಾಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಚಿಕಿತ್ಸೆ ಇಲ್ಲ. ನಿಯಮಿತವಾಗಿ ನಾಯಿ ಮುಟ್ಟೋ ನಮ್ಮಂಥವರು ಕಚ್ಚೋ ಮುಂಚೆನೇ ಲಸಿಕೆ ಹಾಕಿಸ್ಕೋಬೇಕು.

ಮನೆ ಔಷಧಿ ಬೇಡ. ಮನುಷ್ಯರ ಬ್ರೂಫೆನ್ ಮಾತ್ರೆ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತೆ. ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರೀಬೇಡಿ. ಕಜ್ಜಿಗೆ ಅಂತ ಐವರ್‌ಮೆಕ್ಟಿನ್ ನೀವೇ ಚುಚ್ಚಬೇಡಿ, ಕಾಲಿ ಜಾತಿಯ ನಾಯಿಗಳಿಗೆ ಅದು ಪ್ರಾಣಕ್ಕೇ ಕುತ್ತು. ಬಿಸಿಲು ಹೊಡೆದಿದ್ರೆ ಐಸ್ ನೀರು ಬೇಡ, ಸಾಧಾರಣ ನೀರು ಹಾಕಿ, ಗಾಳಿ ಹಾಕಿ, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಅಲ್ಲಿ ಮೈಕ್ರೋಚಿಪ್ ಇದೆಯಾ ನೋಡಿ ಅಂತ ಕೇಳಿ. ಕೆಲವು ನಾಯಿಗಳು ನಿಜವಾಗಿ ಕಳೆದುಹೋದವು, ಮನೆಯವರು ಹುಡುಕ್ತಿರ್ತಾರೆ.

ಊರು ಬದಲಾಯಿಸೋರಿಗೆ. ಬೆಂಗಳೂರಿಗೆ ವಾಪಸ್ ಹೋಗೋದಾದ್ರೆ ರೈಲಿನಲ್ಲಿ ಎಸಿ ಫಸ್ಟ್ ಕ್ಲಾಸ್ ಕೂಪೆ ಪೂರ್ತಿ ಬುಕ್ ಮಾಡಿದ್ರೆ ನಾಯಿ ಜೊತೆಗೇ ಬರಬಹುದು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿಯ ಪ್ರಯಾಣ. ಬ್ರೇಕ್ ವ್ಯಾನಿನ ಡಾಗ್ ಬಾಕ್ಸ್ ಕೂಡ ಇದೆ, ಆದ್ರೆ ಬೇಸಿಗೆಯಲ್ಲಿ, ಕಾಯಿಲೆ ನಾಯಿಗೆ ನಾನು ಅದನ್ನ ಹೇಳಲ್ಲ. ವಿಮಾನದಲ್ಲಿ ಕೆಲವು ಕಂಪನಿಗಳು ಒಯ್ತವೆ, ಕೆಲವು ಇಲ್ಲ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಬೇರೆ ನಿಯಮ. ಟಿಕೆಟ್‌ಗೆ ಮುಂಚೆ ಕೇಳಿ. ವಿದೇಶಕ್ಕಾದ್ರೆ ಚಿಪ್, ಲಸಿಕೆ, ರಕ್ತ ಪರೀಕ್ಷೆಗೆ ತಿಂಗಳುಗಳೇ ಬೇಕಾಗಬಹುದು. ಆಫರ್ ಲೆಟರ್ ಬಂದ ದಿನವೇ ಶುರು ಮಾಡಿ, ಗುರುವಾರದ ಫ್ಲೈಟ್‌ಗೆ ಮಂಗಳವಾರ ಅಲ್ಲ.

ಕೊನೆಯದಾಗಿ, ನಮಗೆ ದುಡ್ಡಿಗಿಂತ ಹೆಚ್ಚು ಬೇಕಿರೋದು ಮನೆ. ಮರಿಗಳಿಗೆ ಮನೆ ಸಿಗುತ್ತೆ. ಮೂರು ಕಾಲಿನದಕ್ಕೆ, ದಿನಾ ಎರಡು ಮಾತ್ರೆ ಬೇಕಾದ ಒಂಬತ್ತು ವರ್ಷದ ಶೆಫರ್ಡ್‌ಗೆ ಸಿಗಲ್ಲ. ನಮ್ಮ ಬೋನುಗಳು ತುಂಬಿರೋದು ಅವುಗಳಿಂದಲೇ. ಒಂದು ಬೋನು ಖಾಲಿ ಇದ್ದು ಎರಡು ನಾಯಿ ಬಂದ ದಿನ, ಯಾವುದನ್ನ ತಗೋಬೇಕು ಅಂತ ನಿರ್ಧಾರ ಮಾಡೋದು ನಮ್ಮ ಮೂರ್ನಾಲ್ಕು ಜನರ ತಲೆಮೇಲೆ ಬರುತ್ತೆ. ನಿಮ್ಮಲ್ಲಿ ಯಾರಾದ್ರೂ ಒಂದು ಮುದಿ ನಾಯಿಯನ್ನ ಅದರ ಕೊನೆಯ ಆರು ತಿಂಗಳು ಇಟ್ಕೊಂಡ್ರೆ, ಒಂದು ಬೋನು ಖಾಲಿ ಆಗುತ್ತೆ. ಆ ದಿನ ನಾವು ಎರಡನ್ನೂ ತಗೋಬಹುದು. ಔಷಧಿ ಖರ್ಚು ನಮ್ಮದು.

ಪ್ರಶ್ನೋತ್ತರದಿಂದ

ಪ್ರಶ್ನೆ: ಸರ್, ಮನುಷ್ಯರಿಗೇ ಚಿಕಿತ್ಸೆ ಸಿಗ್ತಿಲ್ಲ. ನಾಯಿಗೆ ಇಷ್ಟು ಖರ್ಚು ಬೇಕಾ?

ಉತ್ತರ: ನ್ಯಾಯವಾದ ಪ್ರಶ್ನೆ. ಎಲ್ಲ ನಾಯಿಗೂ ಎಲ್ಲ ಚಿಕಿತ್ಸೆ ನಾವೂ ಮಾಡಲ್ಲ. ಡಿಸ್ಟೆಂಪರ್ ಮಿದುಳಿಗೆ ಹೋಗಿ ಫಿಟ್ಸ್ ನಿಲ್ಲದೇ ಇದ್ದಾಗ, ನೋವು ತಡೆಯೋಕೆ ಆಗದೇ ಇದ್ದಾಗ ಡಾಕ್ಟರ್ ದಯಾಮರಣ ಹೇಳ್ತಾರೆ, ನಾವು ಪಕ್ಕದಲ್ಲಿ ಕೂತ್ಕೋತೀವಿ. ನಾನು ಹೇಳ್ತಿರೋದು ಅದಕ್ಕಿಂತ ಮುಂಚಿನ ಖರ್ಚು. ಉಣ್ಣಿ ಔಷಧಿ, ಲಸಿಕೆ, ಶಸ್ತ್ರಚಿಕಿತ್ಸೆ. ಅದನ್ನ ಮಾಡೋಕೆ ಆಗಲ್ಲ ಅಂದ್ರೆ ನಾಯಿ ತರೋದು ಬೇಡ. ತಂದಮೇಲೆ ಅದರ ಖರ್ಚನ್ನ ಬಡವರ ಚಿಕಿತ್ಸೆಯ ಜೊತೆ ಹೋಲಿಸೋದು ಸರಿಯಲ್ಲ. ಆ ನಾಯಿ ತನ್ನನ್ನ ಸಾಕಿ ಅಂತ ಅರ್ಜಿ ಹಾಕಿರಲಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಹುಟ್ಟುಹಬ್ಬಕ್ಕೆ ಮರಿ ಬೇಕು ಅಂತಾಳೆ. ಏನು ಮಾಡಲಿ?

ಉತ್ತರ: ಕೊಡಿಸೋಕೆ ಮುಂಚೆ ಮುಂದಿನ ನಾಲ್ಕು ಭಾನುವಾರ ಅವಳನ್ನ ನಮ್ಮಲ್ಲಿಗೆ ಕರ್ಕೊಂಡು ಬನ್ನಿ ಅಮ್ಮಾ. ಬೋನು ತೊಳೆಯಲಿ, ಊಟ ಹಾಕಲಿ, ಮಲ್ಲಿಯ ಕಿವಿಗೆ ಔಷಧಿ ಬಿಡಲಿ. ನಾಲ್ಕು ವಾರ ಆದಮೇಲೂ ನಾಯಿ ಬೇಕು ಅಂದ್ರೆ ಅವಳೇ ಯಾವುದು ಅಂತ ತೋರಿಸ್ತಾಳೆ. ನನ್ನ ಅನುಭವದಲ್ಲಿ ಮಕ್ಕಳು ಹೆಚ್ಚಾಗಿ ಮರಿ ತೋರಿಸಲ್ಲ, ಮೂಲೆಯಲ್ಲಿ ಕೂತಿರೋ ದೊಡ್ಡ ನಾಯಿಯನ್ನ ತೋರಿಸ್ತಾರೆ. ಆಗ ಅದರ ಫೈಲ್ ನಾನು ನಿಮಗೆ ಪೂರ್ತಿ ಕೊಡ್ತೀನಿ.